ಟಗರಿನಂತೆ ಬೆನ್ನು ಒತ್ತಿ ಕೊಂಡ ಕಮಾನು

ದಾರಿಯಲ್ಲಿ ಎದುರಾದವರ ಮುಖ ನೋಡುವುದು ಮನುಷ್ಯರ ವಾಡಿಕೆ. ನಾನು ಈಚೆಗೆ ಎದುರಾದ ಜೀಪುಗಳ ಹೊಟ್ಟೆ ನೋಡುತ್ತೇನೆ. ಚಿತ್ರದುರ್ಗದ ಯಾವ ರಸ್ತೆಯಲ್ಲಿ ಜೀಪು ನಿಂತಿದ್ದರೂ ಸರಿ, ಅದರ ಪಕ್ಕಕ್ಕೆ ಹೋದೊಡನೆ ನನ್ನ ಕರ್ಚೀಫು ತಾನಾಗಿ ಬೀಳುತ್ತದೆ, ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ನಾನು ಬಗ್ಗುತ್ತೇನೆ, ಬಗ್ಗಿದವನು ಬೇಗ ಏಳುವುದಿಲ್ಲ. ಒಮ್ಮೆ ಹೀಗೆ ಬಗ್ಗಿದ್ದಾಗ ಡ್ರೈವರು ಗಾಬರಿಯಾಗಿ ಇಳಿದು ಬಂದು, "ಆಯಿಲ್ ಲೀಕ್ ಆಗ್ತೈತಾ ಸಾರ್?" ಎಂದು ತಾನೂ ಕುಕ್ಕರಗಾಲಲ್ಲಿ ಕೂತ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಅವನ ಗಾಡಿಯ ಅಡಿಯನ್ನು ನೋಡುತ್ತಿದ್ದಾಗ ನನ್ನ ಕಾಲೇಜಿನ ಹುಡುಗಿಯರು ಹಾದುಹೋದರು. ಇತಿಹಾಸದ ಮೇಷ್ಟ್ರು ನೆಲದಡಿಯಲ್ಲಿ ಏನೋ ಹುಡುಕುತ್ತಿದ್ದಾರೆ ಎಂದುಕೊಂಡಿರಬೇಕು, ಗೌರವದಿಂದ ನಮಸ್ಕಾರ ಹೇಳಿದರು.

ಈ ಹುಚ್ಚಿಗೆ ಕಾರಣ ನನ್ನ ಅವ್ವ, ಮತ್ತು ಒಂದು ಬಂಡೆ.

ಅವ್ವನ ತವರು ಹೊಳಲ್ಕೆರೆ ತಾಲ್ಲೂಕಿನಲ್ಲಿ, ತಾಳ್ಯದ ಹತ್ತಿರದ ಒಂದು ಹಳ್ಳಿ. ಅವಳ ತಮ್ಮ, ಅಂದರೆ ನನ್ನ ಮಾವ, ಈಗಲೂ ಕುರಿ ಸಾಕುತ್ತಾನೆ. ಊರ ಹಿಂದಿನ ಗುಡ್ಡದ ಮೇಲೆ ಮುಳ್ಳುಬೇಲಿ ಹಾಕಿದ ಅವನ ಕುರಿರೊಪ್ಪವಿದೆ. ದೀಪಾವಳಿಯ ದಿನ ಆ ರೊಪ್ಪದೊಳಗೆ ಒಲೆ ಹೂಡಿ ಹೊಸ ಮಡಕೆಯಲ್ಲಿ ಹಾಲು ಉಕ್ಕಿಸಬೇಕು, ಅದನ್ನು ಮನೆಯ ಹೆಣ್ಣುಮಗಳೇ ಉಕ್ಕಿಸಬೇಕು. ಸೊಸೆಯಂದಿರು ಎಷ್ಟೇ ಒಳ್ಳೆಯವರಾದರೂ ಮಡಕೆ ಮುಟ್ಟುವ ಹಕ್ಕು ಮಗಳದ್ದು. ಅವ್ವ ಮದುವೆಯಾಗಿ ಬಂದ ಮೇಲೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೆ ಮೊಣಕಾಲು ಹಿಡಿದುಕೊಂಡ ಮೇಲೆ ಅವಳಿಗೆ ಗುಡ್ಡ ಹತ್ತಲಾಗುತ್ತಿಲ್ಲ, ಮಡಕೆ ತಮ್ಮನ ಪಾಲಿಗೆ ಬಂದಿದೆ. ಹಬ್ಬದ ದಿನ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಫೋನಿನಲ್ಲಿ ತಮ್ಮನನ್ನು ಕೇಳುತ್ತಾಳೆ, "ಯಾವ ಕಡೀಗೆ ಉಕ್ತು?" ಮೂಡಣಕ್ಕೆ ಎಂದು ಅವನು ಹೇಳಿದರೆ, "ನೀನ್ ಸುಳ್ಳ್ ಹೇಳ್ತೀಯ" ಎಂದು ಫೋನು ಇಡುತ್ತಾಳೆ. ಆಮೇಲೆ ಸಂಜೆಯವರೆಗೂ ಮೂಡಣದ ಕಿಟಕಿಯ ಬಳಿಯೇ ಕೂತಿರುತ್ತಾಳೆ. ಅದನ್ನು ನೋಡಲು ನನಗೆ ಸಂಕಟವಾಗುತ್ತದೆ.

ಹಾಗಂತ ನನ್ನಲ್ಲಿ ಜೀಪಿರಲಿಲ್ಲವೆಂದಲ್ಲ. ಹಳೆಯದೊಂದನ್ನು ಕೊಂಡಿದ್ದೆ. ಹೋದ ವರ್ಷ ಅವ್ವನನ್ನು ಕೂರಿಸಿಕೊಂಡು ಗುಡ್ಡ ಹತ್ತಿಸಿಯೂ ಇದ್ದೆ, ಅರ್ಧ ದಾರಿಗೆ. ಅಲ್ಲಿ ಎಮ್ಮೆಬಂಡೆ ಎಂಬುದೊಂದು ದಾರಿಗೆ ಅಡ್ಡ ಮಲಗಿದೆ. ಚಕ್ರಗಳು ಅದರ ಎರಡೂ ಪಕ್ಕದಲ್ಲಿ ಹೋಗಬಹುದು, ಹೊಟ್ಟೆ ಮಾತ್ರ ಅದರ ಬೆನ್ನ ಮೇಲೆಯೇ ಹಾಯಬೇಕು. ನನ್ನ ಜೀಪು ಆ ಎಮ್ಮೆಯ ಮೇಲೆ ಹೊಟ್ಟೆ ಆನಿಸಿ ಕೂತುಬಿಟ್ಟಿತು. ಊರವರು ಬಂದು ಹಿಂದಕ್ಕೆ ಎಳೆದರು. ಅವ್ವ ಮನೆಗೆ ಬಂದ ಮೇಲೆ, "ಒಂದ್ ಗೇಣು ಎತ್ರ ಇದ್ದಿದ್ರೆ ಸಾಕಾಗಿತ್ತು" ಎಂದಳು, ಅಷ್ಟೆ. ಆ ಒಂದು ಗೇಣು ನನ್ನ ತಲೆಯೊಳಗೆ ಮನೆ ಮಾಡಿತು.

ಜೀಪನ್ನು ಎತ್ತರಿಸುವ ವಿದ್ಯೆ ಎಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ! ಫೋನಿನಲ್ಲಿ ನೋಡಿದರೆ ಜಗತ್ತಿನ ಅರ್ಧ ಗಂಡಸರು ಇದೇ ಕಸುಬಿನಲ್ಲಿದ್ದಾರೆ. ದೊಡ್ಡ ಟೈರು ಹಾಕುವವರು, ಕಮಾನಿನ ಕೆಳಗೆ ಕಬ್ಬಿಣದ ಗಟ್ಟಿ ಇಡುವವರು, ಕಮಾನನ್ನು ಹಿಡಿದಿರುವ ಕೊಂಡಿಯನ್ನೇ ಉದ್ದ ಮಾಡುವವರು, ಒಬ್ಬೊಬ್ಬರದು ಒಂದೊಂದು ಮತ. ಟೈರಿನವರಿಗೆ ಗಟ್ಟಿಯವರನ್ನು ಕಂಡರಾಗದು. ಕಮಾನು ಎಂದರೆ ಬೇರೇನಲ್ಲ, ಗಾಡಿಯ ಮೈಗೂ ಚಕ್ರದ ಅಚ್ಚಿಗೂ ನಡುವೆ ಬಿಲ್ಲಿನಂತೆ ಬಾಗಿ ಕೂತಿರುವ ಉಕ್ಕಿನ ಪಟ್ಟಿಗಳ ಕಟ್ಟು. ಕಮಾನು, ಶಾಕ್ ಅಬ್ಸಾರ್ಬರು, ಕೊಂಡಿ, ಬೋಲ್ಟು ಎಲ್ಲ ಸೇರಿದ ಹೊಚ್ಚಹೊಸ ಕಿಟ್ಟೂ ಸಿಗುತ್ತದೆ. ಅದರ ಬೆಲೆ ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, ಕನ್ನಡಕದ ತಪ್ಪಲ್ಲ. ಆದರೂ ದಿನಾ ಅದನ್ನು ಫೋನಿನ ಬುಟ್ಟಿಗೆ ಹಾಕುವುದು, ಒಂದಿಷ್ಟು ಹೊತ್ತು ನನ್ನದೇ ಎಂದು ಸುಖಪಡುವುದು, ತೆಗೆಯುವುದು. ಕಾಸು ಖರ್ಚಿಲ್ಲದ ಇಂಥ ಸುಖ ಬೇರೊಂದಿಲ್ಲ. ಹೆಂಡತಿ ಒಂದು ದಿನ ಇಣುಕಿ ನೋಡಿ, "ಸದ್ಯ, ಜೀಪೇನಾ" ಎಂದು ನಿರಾಳವಾಗಿ ಒಳಗೆ ಹೋದಳು.

ಕೊನೆಗೆ ತೀರ್ಮಾನಿಸಿದೆ: ಬಳಸಿದ ಕಮಾನು, ಹಿರಿಯೂರಿನಲ್ಲಿ. ಎರಡು ಹೆದ್ದಾರಿ ಕೂಡುವ ಊರು, ಲಾರಿಗಳು ಉಸಿರು ಬಿಡುವ ಜಾಗ, ಅಲ್ಲಿ ಸಿಗದ ಕಬ್ಬಿಣವುಂಟೇ? ಆದರೆ ನಮ್ಮವರಲ್ಲಿ ಯಾರೂ ಏನನ್ನೂ ಒಬ್ಬರೇ ಹೋಗಿ ಕೊಳ್ಳುವುದಿಲ್ಲ. ಸೀರೆಗೆ ಒಬ್ಬರು, ಬಂಗಾರಕ್ಕೆ ಒಬ್ಬರು ತಿಳಿದವರೆಂದು ಇರುತ್ತಾರೆ. ಬೆನ್ನಿರುವ ಯಾವುದನ್ನೇ ಕೊಳ್ಳುವುದಿದ್ದರೂ ಮಾವ ಬರಬೇಕು. ಹೇಳಿಕಳಿಸಿದ್ದೇ ತಡ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದೇಬಿಟ್ಟ.

ಅಂಗಡಿಯ ಮುಂದೆ ಕಮಾನುಗಳನ್ನು ಸಾಲಾಗಿ ಗೋಡೆಗೆ ಒರಗಿಸಿದ್ದರು. ಮಾವನಿಗೆ ಅದು ಸಂತೆಯಂತೆಯೇ ಕಂಡಿರಬೇಕು, ಕಣ್ಣು ಮಿನುಗಿದವು. ಟಗರು ಕೊಳ್ಳುವಾಗ ಅವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಆಮೇಲೆ ಬೆನ್ನಿನ ಮೇಲೆ ಅಂಗೈ ಊರಿ ಭಾರ ಬಿಡುತ್ತಾನೆ. ಬೆನ್ನು ಕುಸಿದರೆ ಮುಂದಿನದಕ್ಕೆ ಹೋಗುತ್ತಾನೆ. ಇಲ್ಲಿ ಹಲ್ಲಿರಲಿಲ್ಲ, ನೇರ ಬೆನ್ನಿಗೇ ಬಂದ. ಒಂದೊಂದನ್ನೂ ನೆಲಕ್ಕೆ ಬೋರಲು ಹಾಕಿಸಿ ಮೇಲೆ ಹತ್ತಿ ನಿಂತು ಕುಲುಕಿದ. ಚೂರು ಬಾಗಿದವನ್ನೆಲ್ಲ "ಮುದಿಯದು" ಎಂದು ತಳ್ಳಿದ. ಕೊನೆಯ ಮೂಲೆಯಲ್ಲಿದ್ದ ದಪ್ಪ ಪಟ್ಟಿಗಳದ್ದು ಮಾತ್ರ ಅವನು ಎಷ್ಟು ಕುಲುಕಿದರೂ ಮಿಸುಕಲಿಲ್ಲ.

"ಯಜಮಾನ್ರೇ, ಅದು ಲಗೇಜ್ ಗಾಡೀದು. ಜೀಪಿಗೆ ಗಟ್ಟಿ ಆಗ್ತೈತೆ," ಎಂದ ಅಂಗಡಿಯವನು.

"ಗಟ್ಟಿ ಆಗೋದು ಒಳ್ಳೇದಲ್ಲೇನ್ರಿ?" ಎಂದ ಮಾವ. ನಾನು ಇಬ್ಬರಿಗೂ ತಲೆಯಾಡಿಸಿದೆ. ಪ್ರಾಧ್ಯಾಪಕನಾದವನಿಗೆ ಇದೊಂದು ಕಲೆ ಕರಗತವಾಗಿರುತ್ತದೆ.

ಆಮೇಲೆ ಮಾವ ತನ್ನ ಟವೆಲನ್ನು ಅಂಗಡಿಯವನ ಕೈಮೇಲೆ ಹೊದಿಸಿ ಒಳಗೆ ಅವನ ಬೆರಳು ಹಿಡಿದ. ಕುರಿಸಂತೆಯಲ್ಲಿ ರೇಟು ಕುದುರುವುದು ಹಾಗೆ, ಟವೆಲಿನ ಮರೆಯಲ್ಲಿ, ಪಕ್ಕದವರಿಗೆ ಕಾಣದಂತೆ. ಅಂಗಡಿಯವನು ಕರೆಂಟು ಹೊಡೆದವನಂತೆ ಕೈ ಕಿತ್ತುಕೊಂಡು, "ಬಾಯಾಗೇ ಹೇಳ್ರಿ ಯಜಮಾನ್ರೇ!" ಎಂದ. ಅದೇ ಗಾಬರಿಯಲ್ಲಿ ರೇಟನ್ನೂ ಇಳಿಸಿದ.

ದುರ್ಗದ ಗ್ಯಾರೇಜಿನಲ್ಲಿ ಆ ದಪ್ಪ ಕಮಾನುಗಳನ್ನು ಕೂರಿಸಿ, ಜಾಕಿ ಇಳಿಸಿದ ಗಳಿಗೆಯನ್ನು ಹೇಗೆ ಹೇಳಲಿ! ಜೀಪು ಕೆಳಗಿಳಿಯಲೇ ಇಲ್ಲ. ಎದೆಯುಬ್ಬಿಸಿ ಹಾಗೇ ನಿಂತಿತ್ತು. ಗೇಣು ಇಟ್ಟು ನೋಡಿದೆ, ಗೇಣಿಗಿಂತ ಹೆಚ್ಚೇ ಎದ್ದಿತ್ತು. ಸುತ್ತಲೂ ಓಡಿಯಾಡಿದೆ, ಬಗ್ಗಿ ಅದರ ಹೊಟ್ಟೆಯ ಕೆಳಗಿಂದ ಆಚೆ ಬದಿಯ ಟೀ ಅಂಗಡಿಯನ್ನು ನೋಡಿದೆ, ಕರ್ಚೀಫು ಬೀಳಿಸುವ ಅಗತ್ಯವೂ ಬೀಳಲಿಲ್ಲ. ನಮ್ಮ ಬೀದಿಗೆ ಬಂದಾಗ ಪಕ್ಕದ ಮನೆಯವರು, "ಏನ್ ಸಾರ್, ಜೀಪು ಬೆಳೆದೈತಲ್ಲ!" ಎಂದರು. ಮಗನನ್ನು ಯಾರಾದರೂ ಹೊಗಳಿದರೂ ನಾನು ಅಷ್ಟು ಉಬ್ಬುತ್ತಿರಲಿಲ್ಲ.

ದಾರಿಯಲ್ಲಿ ಮೊದಲ ಹಂಪಿನಲ್ಲೇ ನನ್ನ ತಲೆ ಮೇಲಿನ ಕಂಬಿಗೆ ಬಡಿದದ್ದು, ಎರಡನೆಯದರಲ್ಲಿ ಹಿಂದಿನ ಸೀಟಿನ ಟಿಫಿನ್ ಡಬ್ಬಿ ಹಾರಿ ಮುಂದಕ್ಕೆ ಬಂದದ್ದು ನಿಜ. ಆ ಸಂಭ್ರಮದಲ್ಲಿ ಅದನ್ನೆಲ್ಲ ಯಾರು ಲೆಕ್ಕಕ್ಕಿಡುತ್ತಾರೆ? ಅವ್ವನನ್ನು ಕೂಗಿದೆ.

ಅವ್ವ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾಲೆತ್ತಿದಳು. ಕಾಲು ಅರ್ಧಕ್ಕೆ ನಿಂತಿತು. ಮತ್ತೆ ಎತ್ತಿದಳು. ಜೀಪಿನ ಮೆಟ್ಟಿಲು ಅವಳ ಮೊಣಕಾಲಿಗಿಂತ ಎಷ್ಟೋ ಮೇಲಿತ್ತು. ನಾನು ಓಡಿಹೋಗಿ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟೆ. ಅದು ಅಲ್ಲಾಡಿತು. "ಬಲ್ಬು ಹಾಕಾಕೆ ಹತ್ತೋ ಸ್ಟೂಲು ಹತ್ತಿ ತವರಿಗೆ ಹೋಗ್ಲೇನಪ್ಪ?" ಎಂದು ಸೆರಗು ಬಿಚ್ಚಿಕೊಂಡು ಒಳಗೆ ಹೋದಳು.

ವರ್ಷವರ್ಷವೂ ಹುಡುಗರಿಗೆ ನಾನು ಕೋಟೆಯ ಪಾಠ ಹೇಳುತ್ತೇನೆ. ಬಾಗಿಲುಗಳನ್ನು ತಿರುವು ತಿರುವಾಗಿ ಏಕೆ ಇಟ್ಟರು, ಗೋಡೆ ಏಕೆ ಅಷ್ಟೆತ್ತರ, ಬರಬಾರದವರು ಬರದಿರಲಿ ಎಂದು. ಎತ್ತರವೆಂದರೆ ಮೂಲತಃ ಹೊರಗಿಡುವ ಉಪಾಯ. ಇಷ್ಟು ವರ್ಷ ಹೇಳಿದ ಪಾಠ ನನಗೇ ತಲೆಗೆ ಹತ್ತಿರಲಿಲ್ಲ. ಯಾರನ್ನು ಒಳಗೆ ಕೂರಿಸಬೇಕೆಂದು ಕಟ್ಟಿದೆನೋ ಅವಳೇ ಹೊರಗುಳಿಯುವಂಥ ಕೋಟೆಯೊಂದನ್ನು ಮನೆಮುಂದೆ ನಿಲ್ಲಿಸಿಕೊಂಡು ಕೂತಿದ್ದೆ. ಬಂಡೆ ದಾಟಲು ಎತ್ತರ ಬೇಕು, ಅವ್ವ ಹತ್ತಲು ತಗ್ಗು ಬೇಕು. ದೀಪಾವಳಿ ಹತ್ತಿರ ಬಂದಿತ್ತು, ಕೈಲಿದ್ದ ದುಡ್ಡು ಕಮಾನಾಗಿ ಜೀಪಿನಡಿಗೆ ಸೇರಿತ್ತು. ಅಳು ಬರುವುದೊಂದು ಬಾಕಿ.

ಅಂಥ ಹೊತ್ತಿನಲ್ಲಿ ಮಾವ ಫೋನು ಮಾಡಿ, ಭರಮಸಾಗರದಲ್ಲಿ ಮೆಕ್ಕೆಜೋಳ ಮಾತಾಡಿಟ್ಟಿದ್ದೇನೆ, ಹೆಂಗೂ ನಿನ್ನ ಗಾಡಿ ಗಟ್ಟಿ ಐತಲ್ಲ, ತಂದುಹಾಕು ಎಂದ. ಬೇಜಾರಿನಲ್ಲೇ ಹೋದೆ. ಖಾಲಿ ಜೀಪು ಹೋಗುವಾಗ ನನ್ನನ್ನು ಹುರಿದ ಕಡಲೆಯಂತೆ ಎಗರಿಸಿತು. ಬರುವಾಗ ಹಿಂದೆ ಚೀಲಗಳಿದ್ದವು. ಏನಾಶ್ಚರ್ಯ! ಗುಂಡಿಗಳೆಲ್ಲ ಎಲ್ಲಿ ಹೋದವು? ಜೀಪು ತೊಟ್ಟಿಲಿನಂತೆ ತೂಗುತ್ತ ಬಂತು. ಇಳಿದು ನೋಡಿದರೆ, ಬೆನ್ನು ತುಂಬ ಭಾರ ಬಿದ್ದ ಆ ಮೊಂಡು ಕಮಾನು ಸಾಧುವಾಗಿ ಬಾಗಿ ಕೂತಿತ್ತು. ಮೆಟ್ಟಿಲೂ ಕೆಳಗೆ ಬಂದಿತ್ತು. ಹಾಗಂತ ಪೂರ್ತಿ ಕುಸಿದಿರಲಿಲ್ಲ, ಹಳೆಯ ಎತ್ತರಕ್ಕಿಂತ ಒಂದು ಮುಷ್ಟಿ ಮೇಲೆಯೇ ಇತ್ತು; ಗೇಣಲ್ಲದಿದ್ದರೂ ಬಂಡೆಗೆ ಆ ಮುಷ್ಟಿ ಸಾಕಾದೀತು ಎನಿಸಿತು.

ಮನೆಗೆ ಬಂದು ಅವ್ವನಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಮೊದಲು ಚೀಲ ಹೇರುವುದು, ಜೀಪು ಬಗ್ಗಿದ ಮೇಲೆ ನೀನು ಹತ್ತುವುದು!

ಅವ್ವ ಅಂದಳು, "ನನ್ ಜೊತೆ ಚೀಲ ಯಾಕ್ ಬರ್ಬೇಕೋ? ಜನ ಇಲ್ವಾ?"

ಇದ್ದರು! ಹಬ್ಬದ ದಿನ ಬೆಳಿಗ್ಗೆ ಮಾವನ ಮನೆಮುಂದೆ ಜೀಪು ನಿಲ್ಲಿಸಿದಾಗ ಅವ್ವನ ಓರಗೆಯ ಹೆಂಗಸರು, ಅವರ ಸೊಸೆಯಂದಿರು, ನನ್ನ ಹೆಂಡತಿ, ಹಾಲಿನ ಕ್ಯಾನು ಹಿಡಿದ ಅತ್ತೆ, ಎಲ್ಲರೂ ಸೀರೆ ಬದಲಾಯಿಸಿಕೊಂಡು ಕಾಯುತ್ತಿದ್ದರು. ಅವ್ವನನ್ನೂ ಹೆಂಡತಿಯನ್ನೂ ಪಕ್ಕದ ಮನೆಯವರ ಕಾರಿನಲ್ಲಿ ಹಿಂದಿನ ದಿನವೇ ಅಲ್ಲಿಗೆ ಬಿಟ್ಟಿದ್ದೆ. "ಒಳೀಕೆ ಸರ್ಕಳ್ರಿ, ಕುಂತ್ಕಳ್ರಿ" ಎಂದು ಮಾವ ಮೆಕ್ಕೆಜೋಳದ ಚೀಲಗಳಿಗಿಂತ ಬಿಗಿಯಾಗಿ ಅವರನ್ನು ತುಂಬಿದ. ಒಬ್ಬೊಬ್ಬರು ಹತ್ತಿದಂತೆಲ್ಲ ಜೀಪು ಒಂದಿಷ್ಟು ಒಂದಿಷ್ಟು ಇಳಿಯಿತು. ಅವ್ವ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. "ಇನ್ನೊಬ್ರು," ಎಂದಳು. ಮಾವ ತಾನೇ ಹಿಂದೆ ಜೋತುಬಿದ್ದ. ಆಗ ಅವ್ವ ಸೆರಗು ಸಿಕ್ಕಿಸಿ, ಕಾಲೆತ್ತಿ, ಯಾರ ಕೈಯನ್ನೂ ಹಿಡಿಯದೆ ಹತ್ತಿ ನನ್ನ ಪಕ್ಕ ಕೂತಳು. ಹಿಂದಿನಿಂದ ಹೋ ಎಂಬ ಕೂಗೆದ್ದಿತು.

ಎಮ್ಮೆಬಂಡೆ ಬಂತು. ಹಾಡು ಹೇಳುತ್ತಿದ್ದ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಒಂದನೇ ಗೇರಿನಲ್ಲಿ ಮೆಲ್ಲಗೆ ಬಿಟ್ಟೆ. ಮುಂದಿನ ಚಕ್ರಗಳು ದಾಟಿದವು. ಅಡಿಯಲ್ಲಿ ಸರ್ರೆಂದು ಸಣ್ಣ ಸದ್ದಾಯಿತು.

"ಮುಟ್ತೇನೋ?" ಎಂದಳು ಅವ್ವ.

"ಮಾತಾಡಿಸ್ಕಂಡು ಹೋತು ಅಷ್ಟೆ, ಹೊಡಿಯಲೇ ಅಳಿಯ!" ಎಂದು ಮಾವ ಹಿಂದಿನಿಂದ ಅರಚಿದ. ಹಿಂದಿನ ಚಕ್ರಗಳೂ ದಾಟಿದವು. ನಾನು ಸ್ಟೀರಿಂಗ್ ಬಿಟ್ಟು ಚಪ್ಪಾಳೆ ತಟ್ಟಲು ಹೋಗಿ ಅವ್ವನಿಂದ ಬೈಸಿಕೊಂಡೆ.

ರೊಪ್ಪದಲ್ಲಿ ಅವ್ವ ಒಲೆ ಹೂಡಿದಳು, ಮಡಕೆ ಇಟ್ಟಳು, ಯಾರನ್ನೂ ಹತ್ತಿರ ಸೇರಿಸಲಿಲ್ಲ. ಹಾಲು ಉಕ್ಕಿ ಮೂಡಣಕ್ಕೇ ಸುರಿಯಿತು. "ನಾನ್ ಹೇಳಿದ್ದು ದಿಟ ತಾನೇ?" ಎಂದ ಮಾವ. "ಇವತ್ತು ದಿಟ," ಎಂದಳು ಅವ್ವ.

ಉಂಡ ಮೇಲೆ ಹೆಂಗಸರೆಲ್ಲ, ಇಳಿಯೋದೇನು ಮಹಾ, ಮಾತಾಡ್ತ ನಡೆದೇ ಹೋಗಾಣ ಎಂದು ಹೊರಟುಬಿಟ್ಟರು. ನನ್ನ ಹೆಂಡತಿಯೂ ಅವರ ಹಿಂದೆ ಹೋದಳು. ಖಾಲಿ ಜೀಪು ಮತ್ತೆ ಎದೆಯುಬ್ಬಿಸಿ ಎತ್ತರಕ್ಕೆ ನಿಂತಿತ್ತು. ಅವ್ವ ಅದರ ಮೆಟ್ಟಿಲನ್ನು ನೋಡಿದಳು, ತನ್ನ ಮೊಣಕಾಲನ್ನು ನೋಡಿದಳು.

"ಮತ್ತೆ ಮೇಲಕ್ಕೆ ಹೋಗ್ಬಿಟ್ಟೈತಲ್ಲಪ್ಪ ನಿನ್ ಜೀಪು. ಇನ್ನೇನ್ ಮಾಡೋದು, ಇವತ್ತು ಇಲ್ಲೇ ಇರ್ತೀನಿ. ನಾಳೆ ಜನ ಬಂದ್ರೆ ಹೋಗಾಣ," ಎಂದು ಮಾವನ ಕಂಬಳಿ ಹಾಸಿಕೊಂಡು ಮರಿಗಳ ನಡುವೆ ಕೂತಳು. ಇಷ್ಟು ವರ್ಷಗಳಲ್ಲಿ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ.

ಒಂದೆರಡು ಪಟ್ಟಿ ಕಿತ್ತು ಹಾಕಿಸಿದರೆ ಕಮಾನು ಹದಕ್ಕೆ ಬರುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಹೂಂ ಎನ್ನುತ್ತೇನೆ, ಕೀಳಿಸುವುದಿಲ್ಲ. ಇನ್ನೊಂದು ಮಾತನ್ನು ನಿಮಗೆ ಮಾತ್ರ ಹೇಳುತ್ತೇನೆ. ಆವತ್ತು ಜೀಪಿನ ಮಗ್ಗುಲಲ್ಲೇ, ಯಾರೋ ಅಳತೆ ತೆಗೆದು ಇಟ್ಟಂತೆ, ಮೇಲೆ ಕಾಲಿಟ್ಟರೆ ಅವ್ವ ಸಲೀಸಾಗಿ ಜೀಪು ಹತ್ತಬಹುದಾದ ಒಂದು ಚಪ್ಪಟೆ ಕಲ್ಲಿತ್ತು. ಅದನ್ನು ನಾನೂ ನೋಡಿದೆ, ಅವ್ವನೂ ನೋಡಿದಳು. ಜೀಪಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅದೇ ಕಲ್ಲಿನ ಮೇಲೆ ನಾನು ಕೂತುಬಿಟ್ಟೆ.