ಯಾರ ಜೊತೆ ಓಡಿದ್ದು?

ಟ್ರಯತ್ಲಾನ್ ಎನ್ನುವ ಶಬ್ದವೇ ಆಗ ನನಗೆ ಗೊತ್ತಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಶಾಲೆಗೆ ಬರುತ್ತಿದ್ದ ಪೇಪರಿನ ಕ್ರೀಡಾ ಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಯಾವುದೋ ದೇಶದಲ್ಲಿ ಜನ ಮೊದಲು ಈಜಿ, ಆಮೇಲೆ ಸೈಕಲ್ ತುಳಿದು, ಕೊನೆಗೆ ಓಡುತ್ತಾರಂತೆ. ಎಲ್ಲ ಒಂದೇ ದಿನ. ನಾನು ಆ ಶಾಲೆಯ ಹೊಲಿಗೆ ಟೀಚರ್. ಮಕ್ಕಳಿಗೆ ಕಾಜಾ ಹೊಲಿಯಲು ಕೊಟ್ಟು ಆ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದಿದೆ. ಈಜು ನನಗೆ ಗೊತ್ತಿತ್ತು, ರಾಮಕುಂಜದ ಕಡೆ ಹೊಳೆಬದಿಯಲ್ಲೇ ಹುಟ್ಟಿದವಳು. ಸೈಕಲ್ಲೂ ಇತ್ತು. ನಮ್ಮ ಮನೆ ಕುಮಾರಧಾರೆಯ ಈಚೆ, ಶಾಲೆ ಆಚೆ ಸವಣೂರಿನ ಕಡೆ. ದಿನಾ ದೋಣಿಯಲ್ಲಿ ದಾಟಿ, ಆಚೆ ದಡದ ಚಹಾ ಹೋಟೆಲಿನ ಹಿಂದೆ ನಿಲ್ಲಿಸಿದ್ದ ಹಳೆ ಲೇಡೀಸ್ ಸೈಕಲ್ ಹತ್ತಿ ಶಾಲೆಗೆ ಹೋಗುವವಳು ನಾನು. ಉಳಿದದ್ದು ಓಟ ಒಂದೇ. ಎರಡು ಕಾಲು ಇದ್ದರೆ ಓಡಬಹುದು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ನಮ್ಮ ಕಡೆ ದೊಡ್ಡವರು ರಸ್ತೆಯಲ್ಲಿ ಓಡಿದರೆ ಅದಕ್ಕೆ ಎರಡೇ ಅರ್ಥ. ಒಂದೋ ಬಸ್ಸು ತಪ್ಪಿದೆ, ಇಲ್ಲವೇ ಯಾರದ್ದೋ ಪ್ರಾಣ ಹೋಗಿದೆ. ಬೆಳಿಗ್ಗೆ ನಾನು ಓಡಲು ಶುರು ಮಾಡಿದ ವಾರವೇ ಬಸ್ಸಿನ ಡ್ರೈವರ್ ನನಗಾಗಿ ಬಸ್ಸು ನಿಲ್ಲಿಸಿದ. "ಹತ್ತಿ ಟೀಚರೇ, ನಿಧಾನ ಹತ್ತಿ" ಎಂದು ಕಂಡಕ್ಟರ್ ಕೈ ನೀಡಿದ. ಬೇಡ ಎಂದರೆ ಬಸ್ಸಿಡೀ ತಲೆ ಹೊರಗೆ ಹಾಕಿ ನನ್ನನ್ನು ನೋಡಿತು. ದಾರಿಬದಿಯ ಮನೆಗಳಿಂದ ಹೆಂಗಸರು ಅಂಗಳಕ್ಕೆ ಇಳಿದು, "ಎಂತ ಆಯ್ತು ಮಾರಾಯ್ತಿ? ಯಾರಿಗೆ ಹುಷಾರಿಲ್ಲ?" ಎಂದು ಕೇಳುವರು. ಯಾರಿಗೂ ಏನೂ ಆಗಲಿಲ್ಲ ಎಂದರೆ ನಂಬುವವರಿಲ್ಲ. ಕೈ ಹಿಡಿದು ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಡುವರು. ಕೊಟ್ಟ ಬೆಲ್ಲ ಬೇಡ ಅನ್ನುವಂತಿಲ್ಲ. ತಿಂದು, ಹೊಟ್ಟೆ ಕುಲುಕಿಸಿಕೊಂಡು ಮುಂದಿನ ಮನೆಯವರೆಗೆ ಓಡಿದರೆ ಅಲ್ಲಿಯೂ ಬೆಲ್ಲ ಕಾದಿರುತ್ತಿತ್ತು. ಜನರ ಪ್ರೀತಿ ದೊಡ್ಡದು, ನಿಜ. ಆದರೆ ಆ ಪ್ರೀತಿ ನನ್ನನ್ನು ಒಂದು ಮೈಲು ನೆಟ್ಟಗೆ ಓಡಲು ಬಿಡಲಿಲ್ಲ.

ಅಮ್ಮನದ್ದು ಬೇರೆಯೇ ವರಸೆ. "ಹೊಳೆ ದಾಟ್ಲಿಕ್ಕೆ ದೋಣಿ ಉಂಟು, ದೂರ ಹೋಗ್ಲಿಕ್ಕೆ ಬಸ್ಸುಂಟು. ಮತ್ತೆ ನೀನು ಓಡುದು ಎಂತಕ್ಕೆ?" ನನಗೋ ಒಮ್ಮೆ, ಒಂದೇ ಒಂದು ಸಲ, ಎಲ್ಲರ ಜೊತೆ ಹೊರಟು ಕೊನೆಯ ಗೆರೆ ಮುಟ್ಟಬೇಕು ಅನ್ನಿಸಿತ್ತು. ಅಷ್ಟೇ.

ಆದರೆ ಸ್ಪರ್ಧೆ ಎಲ್ಲಿ ನಡೆಯುತ್ತದೆ ಎಂದು ತಿಳಿಯುವುದು ಹೇಗೆ? ನೋಟಿಸು ಅಂಟಿಸುತ್ತಿದ್ದದ್ದು ಕ್ಷೌರದ ಅಂಗಡಿಯ ಒಳಗೋಡೆಗೆ, ಅಲ್ಲಿ ನಾನು ಕಾಲಿಡುವಂತಿಲ್ಲ. ಇಲ್ಲವಾದರೆ ಮೈಕು ಕಟ್ಟಿದ ಜೀಪು. "ಸೈಕಲ್ ಸ್ಪರ್ಧೆ... ಇದೇ ಬರುವ ಭಾನುವಾರ... ಸರ್ವರಿಗೂ ಆದರದ ಸ್ವಾಗತ" ಎಂದು ನಮ್ಮ ಶಾಲೆಯ ಎದುರು ಹೇಳಿದವನು ಊರಿನ ಹೆಸರನ್ನು ತಿರುವು ದಾಟಿದ ಮೇಲೆಯೇ ಹೇಳಬೇಕೆ? ಮಕ್ಕಳನ್ನು ಬಿಟ್ಟು ಸೈಕಲ್ ಹತ್ತಿ ಆ ಜೀಪನ್ನು ಅಟ್ಟಿಸಿಕೊಂಡು ಹೋದೆ. ನನ್ನ ಸೈಕಲ್ ತರಬೇತಿ ಆದದ್ದು ಬಹುಪಾಲು ಹೀಗೆಯೇ.

ಜೀಪು ಕೈಗೆ ಸಿಕ್ಕಿತು, ಊರು ಸುಳ್ಯದ ಹತ್ತಿರ ಎಂದು ಗೊತ್ತಾಯಿತು. ಸೈಕಲನ್ನು ಬಸ್ಸಿನ ಟಾಪಿನ ಮೇಲೆ ಕಟ್ಟಿಸಿ, ಎರಡು ಬಸ್ಸು ಬದಲಿಸಿ ಹೋದೆ. ಸೀಟಿ ಊದಿದ್ದೇ ತಡ, ಮೈಮೇಲೆ ದೇವರು ಬಂದವಳ ಹಾಗೆ ತುಳಿದು ಗೆರೆ ದಾಟಿ ಹಿಂದೆ ನೋಡಿದರೆ ಒಬ್ಬನೂ ಇಲ್ಲ! ಎಲ್ಲರೂ ಹೊರಟಲ್ಲೇ ಓಲಾಡುತ್ತಾ ನಿಂತಿದ್ದಾರೆ. ಅದು ನಿಧಾನ ಸೈಕಲ್ ಸ್ಪರ್ಧೆಯಂತೆ. ಕಾಲು ನೆಲಕ್ಕೆ ತಾಗಿಸದೆ ಕೊನೆಗೆ ಬಂದವನಿಗೆ ಬಹುಮಾನ. "ನೀವು ಎಂತಕ್ಕೆ ಹಾಗೆ ಹಾರಿದ್ದು ಟೀಚರೇ?" ಎಂದು ಸೀಟಿಯವನು ನನ್ನನ್ನೇ ಬೈದ. ಬಂದ ಒಬ್ಬಳೇ ಹೆಂಗಸು ಎಂದು ಸಮಾಧಾನಕ್ಕೆ ಒಂದು ಸ್ಟೀಲ್ ಲೋಟ ಕೊಟ್ಟರು. ಆ ಲೋಟ ನೋಡಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಕೊನೆಗೆ ಒಂದು ನಿಜವಾದ ಓಟ ಸಿಕ್ಕಿತು. ಕೆದಂಬಾಡಿಯಿಂದ ಪುತ್ತೂರಿನವರೆಗೆ ಗುಡ್ಡಗಾಡು ಓಟ, ಒಂದು ಯುವಕ ಮಂಡಲದ್ದು. ಹೆಸರು ಕೊಡಲು ಹೋದರೆ ಕಾರ್ಯದರ್ಶಿ ತಲೆ ಕೆರೆದುಕೊಂಡ. "ಲೇಡೀಸಿಗೆ ಮ್ಯೂಸಿಕಲ್ ಚೇರ್ ಉಂಟಲ್ಲ?" ನನಗೆ ಕೂರುವುದು ಬೇಡ, ಓಡಬೇಕು ಎಂದೆ. "ಓಡುದಾದ್ರೆ ಓಡಿ. ಬಹುಮಾನ ಮಾತ್ರ ಕೇಳ್ಬೇಡಿ" ಅಂದ. ದೂರದ ಊರಿನಲ್ಲಿ ಕೆಲಸಕ್ಕಿದ್ದ ಅಣ್ಣನ ಹಳೆಯ ಪ್ಯಾಂಟಿನ ಹೊಲಿಗೆ ಬಿಚ್ಚಿ ನನ್ನ ಅಳತೆಗೆ ಹೊಲಿದುಕೊಂಡೆ.

ಆ ಭಾನುವಾರ ಬೆಳಿಗ್ಗೆ ಹೊಳೆಗೆ ಬಂದರೆ ದೋಣಿ ಆಚೆ ದಡದಲ್ಲಿ. ಕೂ ಹಾಕಿದೆ. ಹೋಟೆಲಿನ ಬೆಂಚಿನಲ್ಲಿ ಕೂತಿದ್ದ ದೋಣಿಯವನು, ಬಂದೆ ಎಂದು ಕೈ ಎತ್ತಿದ, ಮತ್ತೆ ಚಹಾ ಕುಡಿಯತೊಡಗಿದ. ಇನ್ನೊಮ್ಮೆ ಕೂ ಹಾಕಿದೆ. ಇನ್ನೊಮ್ಮೆ ಕೈ ಎತ್ತಿದ. ಇವನ ಚಹಾ ಮುಗಿಯುವಾಗ ಪುತ್ತೂರಿನಲ್ಲಿ ಬಹುಮಾನವನ್ನೇ ಹಂಚಿರುತ್ತಾರೆ ಎಂದು, ಒಣ ಬಟ್ಟೆಯ ಗಂಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡು ನೀರಿಗಿಳಿದೆ. ಮಳೆಗಾಲ ಕಳೆದ ಹೊಳೆ, ಸೆಳೆತ ಇರಲಿಲ್ಲ. ಈಜಿ ದಾಟಿ, ಹೋಟೆಲಿನ ಅಕ್ಕನ ಅಡಿಗೆಕೋಣೆಯಲ್ಲಿ ಬಟ್ಟೆ ಬದಲಿಸಿ, ಸೈಕಲ್ ಹತ್ತಿದೆ. ದೋಣಿಯವನು ಲೋಟ ಹಿಡಿದುಕೊಂಡೇ ನೋಡುತ್ತಿದ್ದ.

ಆಮೇಲೆ ನಡೆದದ್ದು ನನಗೆ ಗೊತ್ತಾದದ್ದು ತಡವಾಗಿ. ಚಹಾ ಮುಗಿಸಿ ಈಚೆ ದಡಕ್ಕೆ ಬಂದ ದೋಣಿಯವನು, ಅಷ್ಟರಲ್ಲಿ ಹೊಳೆಗೆ ಬಂದು ಬಟ್ಟೆ ಒಗೆಯುತ್ತಿದ್ದ ಅಮ್ಮನಲ್ಲಿ ಟೀಚರ್ ಎಲ್ಲಿಗೆ ಎಂದು ಕೇಳಿದ. ಅಮ್ಮ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಾ, "ಓಡ್ಲಿಕ್ಕೆ ಹೋಗಿದ್ದಾಳೆ. ಎಂತ ಮಾಡುದು? ನನ್ನ ಮಾತು ಕೇಳ್ತಾಳಾ ಅವಳು?" ಎಂದರು. ಕನ್ನಡದಲ್ಲಾಗಲಿ ನಮ್ಮ ಮನೆಮಾತು ತುಳುವಿನಲ್ಲಾಗಲಿ ಹೆಣ್ಣುಮಗಳು ಸುಮ್ಮನೆ ಓಡುವಂತಿಲ್ಲವಲ್ಲ! ಅವಳು ಯಾವಾಗಲೂ ಓಡಿಯೇ ಹೋಗುತ್ತಾಳೆ. ಅದರ ಮೇಲೆ ಈ ದೋಣಿಯವನು ಗಂಟನ್ನೂ ನೋಡಿದ್ದಾನೆ, ಹೊಳೆ ಈಜಿದ್ದನ್ನೂ ನೋಡಿದ್ದಾನೆ. ಸವಣೂರಿನ ಪೇಟೆಯಲ್ಲಿದ್ದ ನನ್ನ ಸೋದರಮಾವನಿಗೆ ಸುದ್ದಿ ಮುಟ್ಟುವಾಗ ಅದು ಹೀಗಾಗಿತ್ತು: "ನಿಮ್ಮ ತಂಗಿ ಮಗಳು ಗಂಟು ಕಟ್ಟಿಕೊಂಡು, ಹೊಳೆ ಈಜಿ, ಓಡಿಹೋದಳಂತೆ."

ಅಪ್ಪ ಇಲ್ಲದ ನಮ್ಮ ಮನೆಗೆ ಮಾವನೇ ಯಜಮಾನ. ಅವರು ಜೀಪು ಹತ್ತಿ, ನನ್ನ ಸೈಕಲ್ ಹೋದ ದಾರಿ ಕೇಳುತ್ತಾ ಹೊರಟರು.

ನಾನು ಅರ್ಧ ದಾರಿ ಓಡಿದ್ದೆ. ಏರು ರಸ್ತೆ, ಮುಂದೆ ಗಂಡುಹುಡುಗರ ಗುಂಪು, ನನ್ನ ಹಿಂದೆ ಒಬ್ಬ ಮಾತ್ರ. ಪಕ್ಕಕ್ಕೆ ಜೀಪು ಬಂತು. ಮಾವನ ಮುಖ ಕೆಂಪಗೆ ಕಾದಿತ್ತು.

"ನಿಲ್ಲು! ಯಾರ ಜೊತೆ ಓಡಿದ್ದು ನೀನು?"

ನನಗೆ ಏದುಸಿರು. ಮುಂದೆ ಹೋಗುತ್ತಿದ್ದ ಗುಂಪಿಗೆ ಕೈ ತೋರಿಸಿ, "ಇವರೆಲ್ಲರ ಜೊತೆ ಮಾವ" ಎಂದೆ.

ಮಾವ ಗುಂಪನ್ನು ನೋಡಿದರು, ನನ್ನ ಪ್ಯಾಂಟನ್ನು ನೋಡಿದರು, ಎದೆಗೆ ಪಿನ್ನು ಚುಚ್ಚಿದ್ದ ನಂಬರನ್ನು ನೋಡಿದರು. ವಿಷಯ ಅರ್ಥವಾಯಿತು. ಆದರೆ ಸಿಟ್ಟು ಇಳಿಯಬೇಡವೇ? "ಹತ್ತು ಜೀಪಿಗೆ. ಮನೆತನದ ಮರ್ಯಾದೆ ಉಂಟು" ಎಂದರು. ಮುಗಿಸದೆ ಹತ್ತುವುದಿಲ್ಲ ಎಂದೆ. ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ನಿಂತು ಜಗಳ ಮಾಡೋಣವೆಂದರೆ ನಿಲ್ಲುವಂತಿಲ್ಲ, ಹಾಗಾಗಿ ಓಡುತ್ತಲೇ ಜಗಳವಾಡಿದೆ. ಅಳುವೂ ಬಂತು. ಇಷ್ಟೆಲ್ಲ ಬೆಲ್ಲ ತಿಂದು, ಜೀಪು ಅಟ್ಟಿಸಿ, ಲೋಟ ಗೆದ್ದು ಬಂದದ್ದು ಅರ್ಧ ದಾರಿಯಲ್ಲಿ ಜೀಪು ಹತ್ತಲಿಕ್ಕಾ?

ಆಗ ಅಂಗಡಿ ಜಗಲಿಯಲ್ಲಿ ಕೂತ ಒಬ್ಬ, "ಓಡಿಹೋಗುವವಳನ್ನು ಹಿಡೀಲಿಕ್ಕೆ ಬಂದದ್ದಾ ಸ್ವಾಮೀ?" ಎಂದು ನಕ್ಕ. ಮಾವ ನನ್ನನ್ನು ಬಿಟ್ಟು ಅವನ ಕಡೆ ತಿರುಗಿದರು. "ಕಣ್ಣು ಕಾಣುದಿಲ್ವಾ ನಿಂಗೆ? ನಮ್ಮ ಹುಡುಗಿ ರೇಸಿನಲ್ಲಿ ಉಂಟು!" ಅಲ್ಲಿಂದ ಪುತ್ತೂರಿನವರೆಗೆ ಜೀಪು ನನ್ನ ಹಿಂದೆಯೇ ಬಂತು. ಹಾರ್ನು ಒತ್ತಿ, ಹೊಗೆ ಕುಡಿಸಿ ಮಾವ ನನ್ನನ್ನು ಅರ್ಧ ಕೊಂದರು.

ಮೈದಾನ ಮುಟ್ಟಿದರೆ ಗೆರೆಯೇ ಇಲ್ಲ! ಆ ಜಾಗದಲ್ಲಿ ಕುರ್ಚಿ ಇಟ್ಟು ಹೆಂಗಸರ ಮ್ಯೂಸಿಕಲ್ ಚೇರ್ ಶುರುವಾಗಿತ್ತು. ಅವರ ನಡುವೆಯೇ ನುಗ್ಗಿ, ಗೆರೆ ಇದ್ದಿರಬಹುದಾದ ಜಾಗ ದಾಟಿ, ಖಾಲಿ ಇದ್ದ ಕುರ್ಚಿಯಲ್ಲಿ ಕುಸಿದೆ. "ಏಳಿ ಟೀಚರೇ, ಅದು ಸ್ಪರ್ಧೆಯ ಕುರ್ಚಿ" ಎಂದ ಕಾರ್ಯದರ್ಶಿ. ಓಟ ಮುಗಿಸಿದವರ ಹೆಸರು ಮೈಕಿನಲ್ಲಿ ಕರೆದಾಗ ನನ್ನ ಹೆಸರು ಬರಲಿಲ್ಲ. ನಾನು ಓಡಿ ಬಂದು ಗೆರೆ ದಾಟಿದ್ದನ್ನು ಮಂಡಲದವರಲ್ಲಿ ಒಬ್ಬನೂ ನೋಡಿರಲಿಲ್ಲವಂತೆ.

ಓಡಿಹೋದಳೆಂಬ ಸುದ್ದಿ ಮಾತ್ರ ಜನರ ಬಾಯಿಂದ ಹೋಗಲಿಲ್ಲ. ಎರಡು ವರ್ಷ ಕಳೆದು, ಕಡಬದ ಕಡೆಯಿಂದ ನನ್ನನ್ನು ನೋಡಲು ಬಂದ ಗಂಡಿನ ತಂದೆ ಚಹಾದ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಮಾವನನ್ನು ಕೇಳಿದರು. "ಹುಡುಗಿ ಒಮ್ಮೆ ಓಡಿಹೋಗಿದ್ದಾಳೆ ಅಂತ ಜನ ಹೇಳ್ತಾರಲ್ಲ?"

ಅಮ್ಮನ ಮುಖ ಬಿಳಿಚಿತು. ಬಾಗಿಲ ಹಿಂದೆ ನಿಂತ ನನಗೆ, ಇನ್ನು ಮಾವನ ಸಿಟ್ಟು ನನ್ನ ಮೇಲೆಯೇ ಅನ್ನಿಸಿತು. ಆ ಓಟದ ಬಗ್ಗೆ ಅವರು ಅದುವರೆಗೆ ಒಂದು ಮಾತೂ ಆಡಿರಲಿಲ್ಲ.

"ಹೌದು, ಓಡಿದ್ದಾಳೆ" ಎಂದರು ಮಾವ. "ಹೊಳೆ ಈಜಿ, ಕೆದಂಬಾಡಿ ತನಕ ಸೈಕಲ್ ತುಳಿದು, ಅಲ್ಲಿಂದ ಪುತ್ತೂರಿಗೆ ಓಡಿದ್ದಾಳೆ. ನಾನು ಹತ್ತು ಅಂದರೂ ಜೀಪು ಹತ್ತಲಿಲ್ಲ. ಪೂರ್ತಿ ಓಡಿದ್ದನ್ನು ಹಿಂದಿನಿಂದ ನಾನೇ ನೋಡಿದ್ದೇನೆ."

ಆ ಸಂಬಂಧ ಕೂಡಿಬರಲಿಲ್ಲ. ಅಮ್ಮ ಎರಡು ದಿನ ಮಾವನ ಜೊತೆ ಮಾತು ಬಿಟ್ಟರು. ಆ ದಿನ ಗಂಡಿನ ಕಡೆಯವರು ಎದ್ದು ಹೋದ ಮೇಲೆ ನಾನು ಅಡಿಗೆಕೋಣೆಗೆ ಹೋಗಿ, ಸುಳ್ಯದ ಆ ಸ್ಟೀಲ್ ಲೋಟದಲ್ಲಿ ಮಾವನಿಗೆ ಇನ್ನೊಂದು ಚಹಾ ಮಾಡಿ ತಂದುಕೊಟ್ಟೆ.