ಅತ್ತೆಯ ಗಾಡಿಗೆ ಹಬ್ಬು, ನಟ್ಟು ಹುಡುಕಿದ ದಿನ

ಹೊಸೂರು ಹತ್ತಿರದ ಉದ್ದನಪಲ್ಲಿಯ ನಮ್ಮ ತೋಟದಲ್ಲಿ ಎಟಿವಿ ಓಡಿಸುವುದು ನನ್ನ ಅತ್ತೆ. ದಪ್ಪ ಟೈರಿನ ನಾಲ್ಕು ಚಕ್ರದ ಬೈಕು ಅದು. ಜವಳಗಿರಿ ಕಡೆಯ ರೆಸಾರ್ಟೊಂದು ಮುಚ್ಚಿದಾಗ ನನ್ನ ಗಂಡ ಕೋಸಿನ ಮೂಟೆ ಸಾಗಿಸಲೆಂದು ಕೊಂಡು ತಂದಿದ್ದರು. ಅವರಿಗಿಂತ ಮೊದಲು ಕಲಿತವರು ಅತ್ತೆ.

ಹೋದ ವರ್ಷ ಕೋಸಿನ ಕೊಯ್ಲು ನಡೆದಿತ್ತು. ಕೆರೆ ಏರಿಯಿಂದ ಇಳಿಯುವಾಗ ಅತ್ತೆ ಬ್ರೇಕು ತುಳಿದರು, ಗಾಡಿ ನಿಲ್ಲಲಿಲ್ಲ. ಅವರು ಹ್ಯಾಂಡಲ್ ತಿರುಗಿಸಿ ಆಗತಾನೇ ಉತ್ತ ಹೊಲಕ್ಕೆ ನುಗ್ಗಿಸಿದರು. ಮೆತ್ತನೆ ಮಣ್ಣಿನಲ್ಲಿ ಚಕ್ರ ಹೂತು ಗಾಡಿ ನಿಂತಿತು. ನಾನು ಓಡಿ ಹೋಗಿ ನೋಡಿದರೆ ಅವರು ಮಂಡಿಯ ಮಣ್ಣು ಕೊಡವುತ್ತಿದ್ದರು.

"ನಂಗೇನೂ ಆಗಿಲ್ಲ ಕಣಮ್ಮಿ. ಇದಕ್ಕೇನಾಗ್ಬುಡ್ತು ನೋಡು."

ಹೊಸೂರಿನ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಬಿಡಿಭಾಗಗಳ ಅಳತೆ ನೋಡುವುದು. ಅಂದು ಸಂಜೆ ಗಂಡನೂ ನಾನೂ ಸೇರಿ ಹಿಂದಿನ ಚಕ್ರಗಳನ್ನೂ ಅವೆರಡನ್ನು ಜೋಡಿಸುವ ಆಕ್ಸಲನ್ನೂ ಬಿಚ್ಚಿದೆವು. ಆಕ್ಸಲಿನ ಮೇಲೆ ಬ್ರೇಕಿನ ತಟ್ಟೆಯನ್ನು ಹಿಡಿದಿಡುವ ಹಬ್ಬಿನ ಒಳಹಲ್ಲುಗಳು ಸವೆದು ನುಣ್ಣಗಾಗಿದ್ದವು. ಅದನ್ನು ಬಿಗಿಯಬೇಕಾದ ಎರಡು ದೊಡ್ಡ ನಟ್ಟುಗಳು ಸಡಿಲವಾಗಿದ್ದವು. ಆಕ್ಸಲಿನ ಹಲ್ಲು ಮಾತ್ರ ಚೂಪಾಗಿಯೇ ಇತ್ತು. ದಿನವೆಲ್ಲ ಯಾರದೋ ಗಾಡಿಯ ಸಾಮಾನು ಅಳೆಯುವವಳಿಗೆ ಮೊದಲ ಸಲ ನಮ್ಮದೇ ಗಾಡಿ ಸಿಕ್ಕಿತ್ತು. ನನಗೆ ಹುರುಪೋ ಹುರುಪು.

ಮಾರನೆಯ ಬೆಳಿಗ್ಗೆ ಅಳತೆ ಬರೆದುಕೊಂಡು ಹೊಸೂರಿಗೆ ಹೊರಟರೆ ಅತ್ತೆ ತಡೆದರು. "ಕಾಲು ಮನೇಲಿ ಬಿಟ್ಟು ಚಪ್ಲಿ ತರಾಕೆ ಹೋಗ್ತಾರೇನಮ್ಮಿ? ಆಕ್ಸಲ್ನೇ ತಗ. ನಾನೂ ಬತ್ತೀನಿ."

ಗೋಣಿಚೀಲ ಸುತ್ತಿದ ಆಕ್ಸಲನ್ನು ಇಬ್ಬರೂ ಹೊತ್ತು ಬಸ್ಸು ಹತ್ತಿದೆವು. ಕಂಡಕ್ಟರು "ಎನ್ನಮ್ಮಾ ಇದು?" ಎಂದಾಗ ಅತ್ತೆ ತಮಿಳಿನಲ್ಲೇ, ಗಾಡಿಯ ಮೂಳೆ ಮುರಿದಿದೆ, ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದರು. ಬಸ್ಸೆಲ್ಲ ನಕ್ಕಿತು.

ಹೊಸೂರಿನ ಮೊದಲ ಅಂಗಡಿಯವರು ಕೊಟ್ಟ ಹಬ್ಬು ಆಕ್ಸಲಿನ ಮೇಲೆ ಹೋಗಲೇ ಇಲ್ಲ. ಹಲ್ಲು ಎಣಿಸಿದೆ, ಒಂದು ಕಡಿಮೆ. ಎರಡನೆಯ ಅಂಗಡಿಯದು ಸಲೀಸಾಗಿ ಹೋಯಿತು. ನಾನು ಖುಷಿಯಲ್ಲಿ ಚೀಲಕ್ಕೆ ಹಾಕಬೇಕು, ಅಷ್ಟರಲ್ಲಿ ಅತ್ತೆ ಅದನ್ನು ಹಿಡಿದು ಅತ್ತಿತ್ತ ತಿರುಗಿಸಿದರು. "ಅಲ್ಲಾಡ್ತದೆ ಕಣಮ್ಮಿ." ನಿಜ, ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು. ದಿನಾ ಅಳೆಯುವ ನಾನೇ ಅದನ್ನು ಬಿಟ್ಟಿದ್ದೆ. ನಾಚಿಕೆಯಾಯಿತು.

ಅಲಸನತ್ತಂ ಬಳಿ ಹಳೆ ಗಾಡಿಗಳ ಸಾಮಾನು ಮಾರುವ ಒಬ್ಬರಿದ್ದಾರೆಂದು ಅಂಗಡಿಯವರೇ ಹೇಳಿದರು. ಆಟೋ ಹಿಡಿದು ಹೋದೆವು. ಆ ಯಜಮಾನರು ಆಕ್ಸಲನ್ನು ಒರೆಸಿ ನೋಡಿ, ಒಳಗಿನಿಂದ ಎಣ್ಣೆ ಹಚ್ಚಿದ ಹಬ್ಬೊಂದನ್ನು ತಂದರು. ಹಲ್ಲಿಗೆ ಹಲ್ಲು ಕೂತು ಅದು ಕೊನೆಯವರೆಗೂ ಜಾರಿತು. ಅತ್ತೆ ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಏನೂ ಅಲ್ಲಾಡಲಿಲ್ಲ. ಇಬ್ಬರೂ ಒಟ್ಟಿಗೇ ಕೂಗಿದೆವು!

ನಟ್ಟಿನಲ್ಲಿ ಮತ್ತೆ ಪರೀಕ್ಷೆ. ಫಳಫಳಿಸುವ ಜೋಡಿಯನ್ನು ಬೆರಳಲ್ಲಿ ತಿರುಗಿಸಿದರೆ ಎರಡು ಸುತ್ತಿಗೇ ಸಿಕ್ಕಿಕೊಂಡಿತು.

"ಸ್ಪ್ಯಾನರ್ ಹಾಕಿದ್ರೆ ಹೋಗ್ತದಮ್ಮಾ," ಎಂದರು ಯಜಮಾನರು.

"ಬಲವಂತದಲ್ಲಿ ಕೂಡ್ಸಿದ್ದು ನಿಲ್ಲಾಕಿಲ್ಲ ಬಿಡಣ್ಣ," ಎಂದರು ಅತ್ತೆ.

ಚೀಲದಲ್ಲಿದ್ದ ನನ್ನ ಅಳತೆಯ ಗೇಜನ್ನು ಆಕ್ಸಲಿನ ಮರೆಗೆ, ಅಂದರೆ ನಟ್ಟು ಸುತ್ತಿಕೊಳ್ಳುವ ತಿರುಪಿನ ಗೆರೆಗಳಿಗೆ ಹಿಡಿದೆ. ನಮ್ಮದು ಸಣ್ಣ ಮರೆ, ನಟ್ಟಿನದು ದೊಡ್ಡದು. ಯಜಮಾನರು ಗೇಜನ್ನು ತಾವೂ ಹಿಡಿದು ನೋಡಿ ತಲೆದೂಗಿದರು. ನಟ್ಟಿನ ಡಬ್ಬಿ ಸುರಿದು ಮೂವರೂ ನೆಲದಲ್ಲಿ ಕೂತು ಹುಡುಕಿದೆವು. ಮಂಕು ಬಣ್ಣದ, ದಪ್ಪನೆಯ ಜೋಡಿಯೊಂದು ಬೆರಳಲ್ಲೇ ಕೊನೆತನಕ ಓಡಿತು.

ಮಧ್ಯಾಹ್ನ ಮನೆಗೆ ಬಂದು ಎಲ್ಲ ಜೋಡಿಸಿದೆವು. ಒಂದು ನಟ್ಟು ಬಿಗಿದು, ಅದರ ಬೆನ್ನಿಗೆ ಇನ್ನೊಂದನ್ನು ಒತ್ತಿ ಬಿಗಿದೆ. ಅತ್ತೆ ಮೊದಲು ಖಾಲಿ ಗಾಡಿಯನ್ನು ಅಂಗಳದಲ್ಲೇ ಓಡಿಸಿ ಬ್ರೇಕು ತುಳಿದರು. ಗಕ್ಕನೆ ನಿಂತಿತು. ಬೇಲಿಯಾಚೆ ನೋಡುತ್ತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಅತ್ತೆ ಇನ್ನೊಂದು ಸಲ, ಮತ್ತೊಂದು ಸಲ ಓಡಿಸಿ ನಿಲ್ಲಿಸಿದರು. ಪರೀಕ್ಷೆ ಮುಗಿದಿತ್ತು, ಈಗಿನದು ಬರೀ ಸಂತೋಷಕ್ಕೆ.

ಸಂಜೆಯ ಲಾರಿಗೆ ಕೋಸೆಲ್ಲ ಸೇರಿತು. ಕೊನೆಯ ಮೂಟೆ ಇಳಿಸಿದ ಮೇಲೆ ನಾನು ಸ್ಪ್ಯಾನರ್ ಹಿಡಿದು ನಟ್ಟು ನೋಡಿದೆ. ಒಂದಿಷ್ಟೂ ಕದಲಿರಲಿಲ್ಲ. ಪಾಳಿಗೆ ಹೋಗಿದ್ದ ಗಂಡನಿಗೆ ಫೋನು ಮಾಡಿ ಅದನ್ನೇ ಎರಡು ಸಲ ಹೇಳಿದೆ.