ಗಳದ ಮೇಲೆ ಹೂವಿನ ಜಾಕೆಟ್

ದೆವ್ವ, ಗಾಳಿ ಎಂದರೆ ನಗುವ ಹೆಂಗಸು ನಾನು. ಆದೋನಿಯ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ತಿರುವಿದವಳಿಗೆ ಕಾಗದದಲ್ಲಿ ಇಲ್ಲದ್ದನ್ನು ನಂಬುವ ಅಭ್ಯಾಸ ಉಳಿಯುವುದಿಲ್ಲ. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ಆದರೆ ಇದೆಲ್ಲ ನಾನೇ ಹೂಡಿದ ಆಟ ಎಂದು ನಮ್ಮ ಬಳಗದಲ್ಲಿ ಇಂದಿಗೂ ಆಡಿಕೊಳ್ಳುತ್ತಾರಲ್ಲ, ಅದಕ್ಕೆ ನನಗೆ ಸಿಟ್ಟಿದೆ.

ಯಜಮಾನರು ತೀರಿಕೊಂಡ ಎರಡನೆಯ ವರ್ಷ ನಮ್ಮ ಕಡೆಯ ಹೆಂಗಸರ ಜೊತೆ ಬದರಿಗೆ ಹೋಗಿದ್ದೆ. ಎಲ್ಲರೂ ಗಂಗೆಯ ಗಿಂಡಿ ತಂದರು. ನಾನು ಗಿಂಡಿಯ ಜೊತೆಗೆ ಒಂದು ರೇಷ್ಮೆ ಜಾಕೆಟ್ಟನ್ನೂ ತಂದೆ. ರವಿಕೆಯಲ್ಲ; ಸೀರೆಯ ಮೇಲೆ ತೊಡುವ, ಉದ್ದ ತೋಳಿನ, ಅಸ್ತರಿಲ್ಲದ ಕೋಟಿನಂಥದು. ಹಿಮಾಲಯದ ಜನ ಹಬ್ಬಕ್ಕೆ ತೊಡುವ ಬಟ್ಟೆಯ ಮಾದರಿಯಲ್ಲಿ ಈಗಿನವರಿಗಾಗಿ ನೇಯ್ದದ್ದು ಎಂದು ಅಂಗಡಿಯಾಕೆ ಹೇಳಿದಳು. ಕಡುನೀಲಿ ನೆಲದ ಮೇಲೆ ಕೆಂಪು, ಕೇಸರಿಯ ದೊಡ್ಡ ದೊಡ್ಡ ಹೂಗಳು, ನಡುನಡುವೆ ಸುರುಳಿ ಮೋಡ. ಕಸೂತಿಯಲ್ಲ, ಮಗ್ಗದಲ್ಲೇ ಮೂಡಿದ ಹೂ. ಹೂ ಮುಡಿಯುವುದನ್ನು ಬಿಡಿಸಿದ್ದರು, ತೊಡುವುದನ್ನು ಹೇಗೆ ಬಿಡಿಸುತ್ತಾರೋ ನೋಡೋಣ ಎಂದು ಹಟದಿಂದಲೇ ಕೊಂಡೆ.

ಮಗಳು ಸುಧಾಳ ನಿಶ್ಚಿತಾರ್ಥ ಮಾಧವರಂನ ನನ್ನ ಅತ್ತೆಯ ಮನೆಯಲ್ಲಿ ಎಂದು ತೀರ್ಮಾನವಾಯಿತು. ನಾನು ಆ ಜಾಕೆಟ್ ತೊಟ್ಟು ತನ್ನ ಪಕ್ಕದಲ್ಲೇ ಕೂಡಬೇಕು ಎಂದು ಸುಧಾ ಪಟ್ಟು ಹಿಡಿದಿದ್ದಳು. ಹಿಂದಿನ ಸಂಜೆ ಅದನ್ನು ಚೀಲದಿಂದ ತೆಗೆದದ್ದೇ ತಡ, ಅತ್ತೆ ಕಸಿದುಕೊಂಡರು.

"ಮುತ್ತೈದೇರು ಕೂಡೋ ಜಾಗದಾಗ ಈ ಹೂವಿನ ಅಂಗಿ ತೊಟ್ಟು ಮೆರೀತೀ ಏನ? ನೀ ಒಳಗ ಅಡಗಿಮನ್ಯಾಗ ಇರು. ಬೀಗರ ಮುಂದ ನಮ್ಮ ಮಾನ ಕಳೀಬ್ಯಾಡ."

ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಗಳ ಶುಭಕಾರ್ಯದಲ್ಲಿ ಜಗಳ ಬೇಡವೆಂದು ಅಡಿಗೆಮನೆಗೆ ಹೋದೆ.

ಆ ಮನೆಯ ಹಿಂದಿನ ಕೋಣೆಯಲ್ಲಿ, ಸೂರಿನ ಹತ್ತಿರ, ಮಡಿಬಟ್ಟೆ ಒಣಗಿಸುವ ಬಿದಿರಿನ ಗಳವಿದೆ. ಅದರ ಮೇಲಿನ ಬಟ್ಟೆಯನ್ನು ಸ್ನಾನ ಮಾಡದವರು ಮುಟ್ಟುವಂತಿಲ್ಲ. ಮಾವನವರ ಅಕ್ಕ ವೆಂಕೂಬಾಯಿ ಇರುವವರೆಗೂ ಅದು ಅವರದೇ ರಾಜ್ಯ. ಹನ್ನೊಂದನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲೇ ಎಂಬತ್ತು ದಾಟಿದವರು. ಪ್ರತಿ ಬಟ್ಟೆಯನ್ನೂ ಒಳಮಗ್ಗಲು ಹೊರಗೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಕೋಲಿನಿಂದ ಗಳಕ್ಕೆ ಹಾಕುವುದು ಅವರ ರೀತಿ. ಅವರು ತೀರಿ ಎಷ್ಟೋ ವರ್ಷವಾಗಿತ್ತು. ಆಮೇಲೆ ಆ ಗಳ ಖಾಲಿಯೇ ಇತ್ತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ದೊಡ್ಡ ಪಾತ್ರೆ ತರಲು ಆ ಕೋಣೆಗೆ ಹೋದೆ. ಗಳದ ಮೇಲೆ ಏನೋ ತೂಗುತ್ತಿತ್ತು. ಹೂವಿರಲಿಲ್ಲ, ಬರೀ ಬಣ್ಣಬಣ್ಣದ ಎಳೆಗಳು ಜೋತಿದ್ದವು. ಅದು ನನ್ನ ಜಾಕೆಟ್ಟು ಎಂದು ತಿಳಿಯಲು ತುಸು ಹೊತ್ತು ಹಿಡಿಯಿತು. ಒಳಮಗ್ಗಲು ಹೊರಗೆ, ಅಂಚಿಗೆ ಅಂಚು. ಕೆಳಗೆ ನೆಲದ ಬಂಡೆಯ ಮೇಲೆ ನೀರು ಸೋರಿದ ಗುರುತು.

ನನ್ನ ಕೂಗಿಗೆ ಅತ್ತೆ ಎದ್ದು ಬಂದರು. ಕೀಲಿಕೈ ಅವರ ಸೊಂಟದಲ್ಲೇ ಇತ್ತು. ಟ್ರಂಕಿನ ಬೀಗ ಹಾಕಿದಂತೆಯೇ ಇತ್ತು. ತೆರೆದರೆ ಒಳಗೆ ಜಾಕೆಟ್ಟಿಲ್ಲ. "ಹೊಲಿದ ಬಟ್ಟಿ ಮಡಿಗೆ ಬರೂದಿಲ್ಲ," ಎಂದು ಗೊಣಗುತ್ತ ಅವರು ಗಳದ ಕಡೆ ಕೈ ಎತ್ತಿದರು.

"ಮುಟ್ಟಬ್ಯಾಡ್ರಿ ಅತ್ತೀ, ನೀವಿನ್ನೂ ಸ್ನಾನ ಮಾಡಿಲ್ಲ," ಎಂದೆ. ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ.

ಎತ್ತಿದ ಕೈ ಹಾಗೆಯೇ ನಿಂತಿತು. "ಇದು ವೆಂಕೂಬಾಯಿ ಹಾಕಿದ್ದು," ಎಂದು ಪಿಸುಗುಟ್ಟಿದರು. ಜನ್ಮವೆಲ್ಲ ಪಾಲಿಸಿದ ಮಡಿಯನ್ನು ಆಗ ಮೀರಲು ಅವರಿಂದ ಆಗಲಿಲ್ಲ. ನಾನು ಸ್ಟೂಲು ಹತ್ತಿ ಜಾಕೆಟ್ ಇಳಿಸಿದೆ, ಹೂವಿನ ಮಗ್ಗಲು ಹೊರಗೆ ಮಾಡಿ ಅವರೆದುರಿಗೇ ತೊಟ್ಟೆ. ತೋಳಿನ ಅಂಚು ಇನ್ನೂ ಒದ್ದೆಯಾಗಿತ್ತು.

ಹತ್ತು ಗಂಟೆಗೆ ದೇವನಕೊಂಡದಿಂದ ಬೀಗರು ಬಂದರು. ನಾನು ಸುಧಾಳ ಪಕ್ಕದಲ್ಲೇ ಕೂತೆ. ಹುಡುಗನ ತಾಯಿ ನನ್ನ ತೋಳು ಸವರಿ, ತೆಲುಗು ಬೆರೆಸಿ, "ಚಾಲಾ ಬಾಗುಂದಿ ವದಿನಾ, ಭಾಳ ಛಲೋ ಅದ, ಎಲ್ಲಿ ತಂದ್ರಿ?" ಎಂದು ಕೇಳಿದರು. ಯಾರ ಮಾನವೂ ಹೋಗಲಿಲ್ಲ.

ಸುಧಾ ಮಾಡಿದಳೇ? ರಾತ್ರಿಯೆಲ್ಲ ನನ್ನ ಮಗ್ಗುಲಲ್ಲೇ ಮಲಗಿದ್ದಳು. ಮನಸ್ಸು ಕರಗಿ ಅತ್ತೆಯೇ ಹಾಕಿದರೇ? ಮೊಣಕಾಲು ನೋವಿನ ಅವರಿಗೆ ಕೆಳಗೆ ಕೂತು ಬಟ್ಟೆ ಒಗೆಯುವುದೇ ಆಗದು. ಇನ್ನೊಂದು ಸಂಗತಿ ನೆನಪಿದೆ. ನಾನು ಮದುವೆಯಾಗಿ ಬಂದ ದಿನ ವೆಂಕೂಬಾಯಿ ನನ್ನ ಸೀರೆಯ ಜರಿಹೂವನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿ, ಮೈಲಿಗೆಯಾಯಿತೆಂದು ಮತ್ತೊಮ್ಮೆ ಸ್ನಾನಕ್ಕೆ ಹೋಗಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ನಾನು ಹೇಳುವುದಿಲ್ಲ. ಇಲ್ಲವೆಂದು ಹೇಳಲೂ ನನ್ನಿಂದಾಗದು.

ಜಾಕೆಟ್ ಈಗಲೂ ನನ್ನ ಹತ್ತಿರವಿದೆ. ಮಾಧವರಂಗೆ ಹೋದಾಗಲೆಲ್ಲ ಒಗೆದು, ಒಳಮಗ್ಗಲು ಹೊರಗೆ ಮಾಡಿ, ಅದೇ ಗಳದ ಮೇಲೆ ಒಣಗಿಸುತ್ತೇನೆ. ಬಳಗದವರು ಏನು ಬೇಕಾದರೂ ಅನ್ನಲಿ. ಅಂದು ಅದನ್ನು ಅಲ್ಲಿ ಹಾಕಿದ್ದು ನಾನಲ್ಲ. ತೊಟ್ಟವಳು ನಾನೇ.